ಸಿಲ್ವರ್ ಓಕ್ ಹಿಂದಕ್ಕೆ ಕೂರದ ಹಾಗೆ ಬೆಣೆ ಹೊಡೆಯುವುದು ಹೇಗೆ: ತೋಟದವರಿಗೆ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಚೈನ್‌ಸಾ ಇಲ್ಲದ ಕಾಫಿ ತೋಟ ಈಗ ಕಡಿಮೆ. ಆದರೆ ಚೈನ್‌ಸಾ ಜೊತೆಗೆ ಬರಬೇಕಾದ ಬೆಣೆ ಇನ್ನೂ ಎಲ್ಲರ ಚೀಲ ಸೇರಿಲ್ಲ. ಮರದ ತುದಿಗೆ ಹಗ್ಗ ಕಟ್ಟಿ, ನಾಲ್ಕು ಜನ ಎಳೆಯಲು ನಿಂತು, ಒಬ್ಬ ಬುಡ ಕೊಯ್ಯುವುದು ನಮ್ಮಲ್ಲಿ ರೂಢಿ. ಹಗ್ಗ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಎಳೆಯುವವರ ಕೈ ಒಂದು ಕ್ಷಣ ಸಡಿಲವಾದರೆ ಮರ ಹಿಂದಕ್ಕೆ ಕೂರುತ್ತದೆ, ಅಂದರೆ ಬೀಳಬೇಕಾದ ಕಡೆಗೆ ಹೋಗದೆ ಕೊಯ್ದ ಸೀಳಿನ ಮೇಲೇ ಒರಗುತ್ತದೆ, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಿಕ್ಕಿಕೊಳ್ಳುತ್ತದೆ, ಆಮೇಲೆ ಅರ್ಧ ಕೊಯ್ದ ಮರದ ಕೆಳಗೆ ಎಲ್ಲರೂ ಸೇರಿ ಏನು ಮಾಡುವುದು ಅಂತ ಯೋಚಿಸುತ್ತಾ ನಿಲ್ಲುವ ಪರಿಸ್ಥಿತಿ ಬರುತ್ತದೆ. ಜೀವಕ್ಕೆ ಅಪಾಯ ಇರುವುದು ಅಲ್ಲೇ.

ಇಲ್ಲಿ ಹೇಳುವುದೆಲ್ಲ ಸುಮಾರು 60 ಅಡಿ ಎತ್ತರ, ಬುಡದಲ್ಲಿ 16 ಇಂಚು ದಪ್ಪ ಇರುವ ಸಿಲ್ವರ್ ಓಕ್ ಲೆಕ್ಕದಲ್ಲಿ. ಬೇರೆ ಮರಕ್ಕೂ ಇದೇ ಲೆಕ್ಕ, ಅಂಕಿ ಮಾತ್ರ ಬದಲಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೈನ್‌ಸಾ ಹಿಡಿದು ಅಭ್ಯಾಸ ಇಲ್ಲದವರು ಇದನ್ನು ಓದಿಕೊಂಡು ಮರದ ಬುಡಕ್ಕೆ ಹೋಗಬೇಡಿ. ಪಳಗಿದವರ ಜೊತೆ ನಿಂತು ಕಲಿಯಬೇಕಾದ ಕೆಲಸ ಇದು.

ಬೆಣೆ ಏನು ಮಾಡುತ್ತದೆ

ಬೆಣೆಗೆ ಎರಡು ಕೆಲಸ. ಒಂದು, ಹಿಂದಿನಿಂದ ಕೊಯ್ದ ಸೀಳು ಮುಚ್ಚಿಕೊಳ್ಳದ ಹಾಗೆ ತಡೆಯುವುದು. ಎರಡು, ಮರದ ಹಿಂಬದಿಯನ್ನು ಸ್ವಲ್ಪ ಎತ್ತಿ ತುದಿಯನ್ನು ಮುಂದಕ್ಕೆ ದೂಡುವುದು. ಹೆಚ್ಚಿನವರು ಎರಡನೆಯದನ್ನು ಮಾತ್ರ ನೆನಪಿಡುತ್ತಾರೆ. ಹಾಗಾಗಿ ಮರ ಬೀಳದೆ ನಿಂತಾಗಷ್ಟೇ ಬೆಣೆ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಸೀಳು ಮುಚ್ಚಿರುತ್ತದೆ, ಬೆಣೆಯ ಚೂಪು ತುದಿಯೂ ಒಳಗೆ ಹೋಗುವುದಿಲ್ಲ. ಬೆಣೆ ಬೇಕು ಅನ್ನಿಸುವ ಮೊದಲೇ ಅದು ಸೀಳಿನೊಳಗೆ ಇರಬೇಕು. ಮರ ನೆಟ್ಟಗೆ ಕಂಡರೂ ಸರಿ, ಗಾಳಿ ಇಲ್ಲದಿದ್ದರೂ ಸರಿ. ಬೆಟ್ಟದ ಮೇಲೆ ಗಾಳಿ ಯಾವಾಗ ತಿರುಗುತ್ತದೆ ಅಂತ ಯಾರಿಗೂ ಹೇಳಲಾಗುವುದಿಲ್ಲ, ಅಲ್ವಾ?

ಯಾವ ಬೆಣೆ ತರಬೇಕು

ಪ್ಲಾಸ್ಟಿಕ್ ಬೆಣೆ ಸಾಕು. ಚೈನ್‌ಸಾ ಮಾರುವ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. 5.5 ಇಂಚಿನಿಂದ 12 ಇಂಚಿನವರೆಗೆ ಉದ್ದ ಇರುವ ಬೆಣೆಗಳು ಸಿಗುತ್ತವೆ. ನಮ್ಮ ಲೆಕ್ಕದ ಮರಕ್ಕೆ 8 ಇಂಚಿನದು ಸರಿ. ಅದರ ದಪ್ಪ ತುದಿ ಸುಮಾರು 1 ಇಂಚು ಇರುತ್ತದೆ. ಕಿತ್ತಳೆ ಅಥವಾ ಹಳದಿ ಬಣ್ಣದ್ದೇ ತಗೊಳ್ಳಿ, ತರಗೆಲೆಯಲ್ಲಿ ಬಿದ್ದರೆ ಹುಡುಕುವುದು ಸುಲಭ. ಅಲ್ಯೂಮಿನಿಯಂ ಬೆಣೆಯೂ ಇದೆ, ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಚೈನ್ ತಾಗಿದರೆ ಹಲ್ಲು ಮೊಂಡಾಗುತ್ತದೆ. ಪ್ಲಾಸ್ಟಿಕ್ಕಿಗೆ ಚೈನ್ ತಾಗಿದರೆ ಬೆಣೆ ತುಸು ಹಾಳಾಗುತ್ತದೆ, ಅಷ್ಟೇ.

ಸೌದೆ ಸೀಳುವ ಕಬ್ಬಿಣದ ಬೆಣೆಯನ್ನು ಈ ಕೆಲಸಕ್ಕೆ ತರಲೇಬೇಡಿ. ಓಡುವ ಚೈನ್ ಕಬ್ಬಿಣಕ್ಕೆ ತಾಗಿದರೆ ಚೈನ್ ತುಂಡಾಗಬಹುದು, ಚೂರು ಹಾರಬಹುದು.

ಮರದ ಬೆಣೆ ಮಾಡಿಕೊಳ್ಳುವವರು ಒಣಗಿದ ಗಟ್ಟಿ ಮರ ಆರಿಸಿ. ಮತ್ತಿ ಆಗಬಹುದು, ಜಾಲಿ ಆಗಬಹುದು. ನಾರು ಬೆಣೆಯ ಉದ್ದಕ್ಕೇ ಓಡಬೇಕು. 8 ಇಂಚು ಉದ್ದಕ್ಕೆ 1 ಇಂಚು ದಪ್ಪ, ಈ ಅಳತೆ ಮೀರಿ ಮೊಂಡಾಗಿ ಮಾಡಿದರೆ ಹೊಡೆದಾಗ ಒಳಗೆ ಹೋಗುವ ಬದಲು ಹಿಂದಕ್ಕೆ ಹಾರುತ್ತದೆ. ನಾನಂತೂ ಪ್ಲಾಸ್ಟಿಕ್ಕಿನದೇ ಒಳ್ಳೆಯದು ಅನ್ನುತ್ತೇನೆ, ಮರದ ಬೆಣೆ ಯಾವ ಪೆಟ್ಟಿಗೆ ಸೀಳುತ್ತದೆ ಅಂತ ನಂಬಲಾಗುವುದಿಲ್ಲ.

ಬೆಣೆ ಹೊಡೆಯಲು ಸಣ್ಣ ಸಮ್ಮಟಿಗೆ ಅಥವಾ ಭಾರದ ಕೊಡಲಿಯ ಹಿಂಬದಿ ಬೇಕು. ಬಾಗಿಲು ಕೂರಿಸುವ ಸುತ್ತಿಗೆಯಿಂದ 60 ಅಡಿ ಮರ ಏಳುವುದಿಲ್ಲ. ಕಾವು ಸಡಿಲ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.

ಕೊಯ್ಯುವ ಮೊದಲು ಲೆಕ್ಕ

ಇದನ್ನು ಯಾರೂ ಮಾಡುವುದಿಲ್ಲ. ಹತ್ತು ನಿಮಿಷದ ಕೆಲಸ, ಆದರೆ ಈ ಮರ ಬೆಣೆಗೆ ಬಗ್ಗುತ್ತದೋ ಇಲ್ಲವೋ ಅಂತ ಚೈನ್‌ಸಾ ಚಾಲು ಮಾಡುವ ಮುಂಚೆಯೇ ಇದರಲ್ಲಿ ಗೊತ್ತಾಗುತ್ತದೆ.

ಮೊದಲು ಎತ್ತರ. ನಿಮ್ಮ ತೋಳಿನಷ್ಟೇ ಉದ್ದದ ಕೋಲು ತಗೊಳ್ಳಿ. ತೋಳು ನೇರ ಮುಂದೆ ಚಾಚಿ ಕೋಲನ್ನು ನೆಟ್ಟಗೆ ಹಿಡಿದು, ಕೋಲಿನ ಕೆಳತುದಿ ಮರದ ಬುಡಕ್ಕೂ ಮೇಲ್ತುದಿ ಮರದ ತುದಿಗೂ ಸರಿಹೊಂದುವ ತನಕ ಹಿಂದೆ ಸರಿಯಿರಿ. ನೆಲ ಸಮ ಇದ್ದರೆ ನೀವು ನಿಂತ ಜಾಗದಿಂದ ಬುಡಕ್ಕೆ ಇರುವ ದೂರವೇ ಹೆಚ್ಚುಕಡಿಮೆ ಮರದ ಎತ್ತರ.

ಆಮೇಲೆ ಮರ ಎಷ್ಟು ವಾಲಿದೆ ಅಂತ ನೋಡಿ. ಗಾರೆ ಕೆಲಸದವರ ತೂಕದ ಗುಂಡು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿ. ದೂರ ನಿಂತು ದಾರವನ್ನು ಕಣ್ಣೆದುರು ಹಿಡಿದು ಮರದ ತುದಿಗೆ ಸರಿ ಮಾಡಿ. ದಾರ ಕೆಳಗೆ ಎಲ್ಲಿ ಬರುತ್ತದೋ ಅಲ್ಲಿಗೂ ಬುಡಕ್ಕೂ ಇರುವ ದೂರವೇ ವಾಲಿಕೆ. ಒಂದೇ ಕಡೆಯಿಂದ ನೋಡಿ ಬಿಡಬೇಡಿ. ಬೀಳಿಸುವ ದಿಕ್ಕಿನಿಂದ ಒಮ್ಮೆ, ಅದಕ್ಕೆ ಅಡ್ಡಲಾಗಿ ಪಕ್ಕದಿಂದ ಒಮ್ಮೆ ನೋಡಬೇಕು. ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ, ದಾರ ಮಾಡುವುದಿಲ್ಲ.

ಈಗ ಲೆಕ್ಕ. 16 ಇಂಚಿನ ಮರಕ್ಕೆ ಮುಂದೆ, ಅಂದರೆ ಬೀಳಬೇಕಾದ ಕಡೆ, 4 ಇಂಚು ಆಳ ಕಚ್ಚು (ಬಾಯಿ ತೆರೆದ ಹಾಗೆ ಕೊಯ್ದು ತೆಗೆಯುವ ತುಂಡು) ಹಾಕಿ, ನಡುವೆ ಒಂದೂವರೆ ಇಂಚಿನಷ್ಟು ಕೀಲು (ಕೊಯ್ಯದೆ ಉಳಿಸುವ ಮರ) ಬಿಟ್ಟರೆ, ಮರ ತಿರುಗುವ ಜಾಗದಿಂದ ಹಿಂಬದಿಯ ಅಂಚಿಗೆ ಸುಮಾರು 11 ಇಂಚು. ಮರದ ಎತ್ತರ 720 ಇಂಚು. ಅದನ್ನು 11ರಿಂದ ಭಾಗಿಸಿದರೆ 65 ಬರುತ್ತದೆ. ಅಂದರೆ ಹಿಂಬದಿ 1 ಇಂಚು ಎದ್ದರೆ ತುದಿ 65 ಇಂಚು, ಐದಡಿಗಿಂತ ಸ್ವಲ್ಪ ಜಾಸ್ತಿ, ಮುಂದಕ್ಕೆ ಹೋಗುತ್ತದೆ.

ಕೇಳಲು ಚೆನ್ನಾಗಿದೆ, ಆದರೆ ಇಲ್ಲೊಂದು ಕಳೆಯುವ ಲೆಕ್ಕ ಇದೆ. ಚೈನ್ ಕೊಯ್ದ ಸೀಳಿನ ಅಗಲ ಸುಮಾರು 8 ಮಿಲಿಮೀಟರ್. ಬೆಣೆ ಮೊದಲು ಆ ಖಾಲಿ ಜಾಗ ತುಂಬಬೇಕು, ಆಮೇಲೇ ಎತ್ತಲು ಶುರು ಮಾಡುವುದು. ಹಾಗಾಗಿ 1 ಇಂಚಿನ ಬೆಣೆಯಲ್ಲಿ ನಿಮಗೆ ನಿಜವಾಗಿ ಸಿಗುವುದು ಮೂರನೇ ಎರಡು ಭಾಗ. ತುದಿಯಲ್ಲಿ ಅದು ಮೂರೂವರೆ ಅಡಿ. ನಿಮ್ಮ ಮರ ಹಿಂದಕ್ಕೆ ಎರಡು ಅಡಿ ವಾಲಿದ್ದರೆ 8 ಇಂಚಿನ ಬೆಣೆ ಸಾಕು. ಮೂರೂವರೆ ಅಡಿ ವಾಲಿದ್ದರೆ ಬೆಣೆ ಪೂರ್ತಿ ಒಳಗೆ ಹೋದರೂ ಮರ ನೆಟ್ಟಗಾಗಿ ನಿಲ್ಲುತ್ತದೆ, ಬೀಳುವುದಿಲ್ಲ. ನಾಲ್ಕು ಅಡಿ ದಾಟಿದರೆ ಒಂದೇ ಬೆಣೆಯ ಮೇಲೆ ನಂಬಿಕೆ ಇಟ್ಟು ಕೊಯ್ಯಲು ಶುರು ಮಾಡಬೇಡಿ.

ತುದಿ ನೋಡಿದರೆ ಸಾಲದು, ಭಾರ ಎತ್ತ ಇದೆ ಅಂತಲೂ ನೋಡಿ. ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡಿದವರು ಒಂದು ಕಡೆಯ ಕೊಂಬೆ ಮಾತ್ರ ಸವರಿದ್ದರೆ, ಕಾಂಡ ನೆಟ್ಟಗಿದ್ದರೂ ಮರದ ಭಾರ ಇನ್ನೊಂದು ಕಡೆಗಿರುತ್ತದೆ. ಬೀಳಿಸುವ ಮೊದಲು ಕೊಂಬೆ ಇಳಿಸುವುದಾದರೆ ಹಿಂಬದಿಯದನ್ನು ಪೂರ್ತಿ ಇಳಿಸಿ, ಮುಂದಿನದನ್ನು ತುಸು ಬಿಡಿ. ಕೆಳಗಿನ ಕಾಫಿ ಗಿಡಕ್ಕೆ ಸ್ವಲ್ಪ ಪೆಟ್ಟಾದರೂ ಬೆಣೆಯ ಕೆಲಸ ಅರ್ಧ ಹಗುರವಾಗುತ್ತದೆ.

ಸುತ್ತಮುತ್ತಲಿನ ತಯಾರಿ

ಮೆಣಸಿನ ಬಳ್ಳಿ ಹಬ್ಬಿದ್ದರೆ ಕೆಲಸ ಮಾಡುವ ಎತ್ತರಕ್ಕೆ ಸುತ್ತಲೂ ಬಿಡಿಸಿ. ಬಳ್ಳಿಯ ಹಿಂದೆ ಪೊಟರೆ ಇದ್ದರೆ ಹೊರಗೆ ಕಾಣುವುದಿಲ್ಲ. ಕೊಡಲಿಯ ಹಿಂಬದಿಯಿಂದ ಬುಡವನ್ನು ಸುತ್ತಲೂ ಬಡಿದು ನೋಡಿ. ಗಟ್ಟಿ ಮರ ಗಟ್ಟಿ ಸದ್ದು ಕೊಡುತ್ತದೆ, ಟೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಟೊಳ್ಳು ಮರದಲ್ಲಿ ಕೀಲು ಹಿಡಿಯುವುದಿಲ್ಲ, ಬೆಣೆ ಮರವನ್ನು ಎತ್ತುವ ಬದಲು ಒಳಗೆ ಹೂತುಹೋಗುತ್ತದೆ.

ತಲೆ ಎತ್ತಿ ಒಣ ಕೊಂಬೆ ಹುಡುಕಿ. ಇದನ್ನು ಒತ್ತಿ ಹೇಳುತ್ತೇನೆ. ಬೆಣೆಗೆ ಬೀಳುವ ಒಂದೊಂದು ಪೆಟ್ಟೂ ಮರದ ತುದಿಯ ತನಕ ನಡುಗುತ್ತದೆ, ಮೇಲೆ ಸಿಕ್ಕಿಕೊಂಡಿರುವ ಒಣ ಕೊಂಬೆ ಆ ನಡುಕಕ್ಕೇ ಕಳಚಿ ಬೀಳುವುದು. ಕೆಳಗೆ ಬಗ್ಗಿ ಹೊಡೆಯುತ್ತಿರುವವನ ಬೆನ್ನ ಮೇಲೆ ಬೀಳುತ್ತದೆ. ಟವೆಲ್ ಸುತ್ತಿಕೊಂಡು, ಚಪ್ಪಲಿ ಹಾಕಿಕೊಂಡು ಈ ಕೆಲಸಕ್ಕೆ ನಿಲ್ಲಬೇಡಿ. ಹೆಲ್ಮೆಟ್, ಕಣ್ಣಿಗೆ ಜಾಲರಿ ಅಥವಾ ಕನ್ನಡಕ, ಕಿವಿಗೆ ಮುಚ್ಚಳ, ಗಟ್ಟಿ ಬೂಟು, ಚೈನ್ ತಡೆಯುವ ಪ್ಯಾಂಟು ಬೇಕು. ಕೆಲಸದವರಿಗೆ ಇವನ್ನು ಕೊಡಿಸುವುದು ತೋಟದ ಯಜಮಾನರ ಜವಾಬ್ದಾರಿ.

ಓಡುವ ದಾರಿ ಮೊದಲೇ ಸವರಿಡಿ. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮೆದುರು ಎಡಕ್ಕೊಂದು, ಬಲಕ್ಕೊಂದು, ಓರೆಯಾಗಿ 45 ಡಿಗ್ರಿಯಲ್ಲಿ ಎರಡು ದಾರಿ. ನೇರ ಹಿಂದಕ್ಕೆ ಓಡಬಾರದು, ಬುಡ ಹಿಂದಕ್ಕೆ ಜಿಗಿಯಬಹುದು. ತೋಟದಲ್ಲಿ ಕಾಫಿ ಗಿಡಗಳ ನಡುವೆ ಈ ದಾರಿ ಸಿಗುವುದು ಕಷ್ಟ, ಗಿಡ ಕಡಿಯಲು ಮನಸ್ಸೂ ಬರುವುದಿಲ್ಲ. ಕಡಿಯಿರಿ. ಕಾಫಿ ಬುಡದಿಂದ ಮತ್ತೆ ಚಿಗುರುತ್ತದೆ. ಸಮ್ಮಟಿಗೆ ಬೀಸಲು ಬೇಕಾದ ಜಾಗವನ್ನೂ ಆಗಲೇ ಬಿಡಿಸಿಕೊಳ್ಳಿ.

ಉಳಿದವರೆಲ್ಲ ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು. 60 ಅಡಿ ಮರಕ್ಕೆ 120 ಅಡಿ. ಹತ್ತಿರ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸದೆ ಮುಟ್ಟಬೇಡಿ. ಇನ್ನೊಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ, ತೋಟದ ಬೇರೆ ಎಷ್ಟೋ ಮರಗಳಿಗೆ ಇಲ್ಲ. ಕಡಿಯುವ ಮೊದಲು, ಸಾಗಿಸುವ ಮೊದಲು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಚ್ಚು ಮತ್ತು ಕೀಲು

ಬೀಳಬೇಕಾದ ಕಡೆಗೆ ಕಚ್ಚು ಹಾಕಿ. ಆಳ ಮರದ ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ. ಬಾಯಿ ಅಗಲವಾಗಿರಲಿ, 70 ಡಿಗ್ರಿಯಷ್ಟು ತೆರೆದಿದ್ದರೆ ಮರ ನೆಲ ಮುಟ್ಟುವ ಹೊತ್ತಿನವರೆಗೂ ಕೀಲು ಅದನ್ನು ಹಿಡಿದು ನಡೆಸುತ್ತದೆ. ಮೇಲಿನ ಕೊಯ್ತ, ಕೆಳಗಿನ ಕೊಯ್ತ ಎರಡೂ ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಿ ಒಳಗೆ ಹೋಗಬಾರದು.

ಕೀಲು ಅಂದರೆ ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಡುವ ಮರ. ದಪ್ಪದ ಹತ್ತನೇ ಒಂದು ಭಾಗ ಇರಬೇಕು, ಎರಡೂ ತುದಿಯಲ್ಲಿ ಒಂದೇ ಅಳತೆ ಇರಬೇಕು. ಸೀಮೆಸುಣ್ಣದಲ್ಲಿ ಎರಡೂ ಪಕ್ಕ ಗುರುತು ಹಾಕಿಕೊಳ್ಳಿ. ಬೆಣೆ ಎತ್ತುವುದು ಈ ಕೀಲನ್ನು ನಂಬಿಕೊಂಡು. ಕೀಲು ಕೊಯ್ದುಹೋದರೆ ಬೆಣೆ ಮರವನ್ನು ಯಾವ ಕಡೆಗೆ ಬೇಕಾದರೂ ತಳ್ಳುತ್ತದೆ.

ಬೆಣೆ ಇಡುವುದು, ಹೊಡೆಯುವುದು

ಹಿಂದಿನಿಂದ ಕೊಯ್ಯಲು ಶುರು ಮಾಡಿ, ಕಚ್ಚಿನ ಮೂಲೆಯ ಮಟ್ಟದಲ್ಲಿ ಅಥವಾ ತುಸು ಮೇಲೆ. ಬಾರ್ ಪೂರ್ತಿ ಒಳಗೆ ಹೋಗಿ ಅದರ ಹಿಂದೆ ಮೂರು ಇಂಚಿನಷ್ಟು ಸೀಳು ಕಾಣುತ್ತಿದ್ದ ಹಾಗೆ ನಿಲ್ಲಿಸಿ. ಚೈನ್ ಬ್ರೇಕ್ ಹಾಕಿ. ಬೆಣೆ ಒಳಗಿಡಿ, ಕೈಯಿಂದ ಒತ್ತಿ, ಸಮ್ಮಟಿಗೆಯಿಂದ ಮೆತ್ತಗೆ ಎರಡು ತಟ್ಟಿ. ಬೆಣೆಯ ತುದಿ ಬಾರಿಗೆ ತಾಗಬಾರದು. ಒಂದು ಬೆಣೆಗಿಂತ ಎರಡು ಒಳ್ಳೆಯದು, ಹಿಂಬದಿಯ ನಡುವಿನಿಂದ ಎಡಕ್ಕೊಂದು ಬಲಕ್ಕೊಂದು. ಒಂದೇ ಬೆಣೆಯ ಮೇಲೆ ಕೂತ ಮರ ಪಕ್ಕಕ್ಕೆ ತೂಗಾಡುತ್ತದೆ.

ಇಲ್ಲಿಂದ ಕೆಲಸ ಸರದಿಯಲ್ಲಿ ನಡೆಯಬೇಕು. ಸ್ವಲ್ಪ ಕೊಯ್ಯಿರಿ, ನಿಲ್ಲಿಸಿ, ಎರಡೂ ಬೆಣೆಗೆ ಹೊಡೆಯಿರಿ, ಮೇಲೆ ನೋಡಿ, ಮತ್ತೆ ಕೊಯ್ಯಿರಿ. ನಮ್ಮಲ್ಲಿ ಒಬ್ಬ ಕೊಯ್ಯುತ್ತಿರುವಾಗಲೇ ಇನ್ನೊಬ್ಬ ಪಕ್ಕದಲ್ಲಿ ನಿಂತು ಬೆಣೆ ಬಡಿಯುತ್ತಾನೆ. ಆ ಸದ್ದಿನಲ್ಲಿ ಇಬ್ಬರಿಗೂ ಮರದ ಬಿರುಕು ಕೇಳುವುದಿಲ್ಲ, ಬೀಸಿದ ಸಮ್ಮಟಿಗೆಗೂ ಓಡುವ ಚೈನಿಗೂ ನಡುವೆ ಒಂದು ಮೊಳ ಜಾಗವೂ ಇರುವುದಿಲ್ಲ. ಕೊಯ್ಯುವವನೇ ಹೊಡೆಯಲಿ. ಅದು ಆಗದಿದ್ದರೆ ಹೊಡೆಯುವ ಹೊತ್ತಿಗೆ ಎಂಜಿನ್ ಆರಿಸಿ.

ಪೆಟ್ಟು ನೇರ ಬೀಳಬೇಕು. ಓರೆ ಪೆಟ್ಟಿಗೆ ಬೆಣೆ ಪಕ್ಕಕ್ಕೆ ತಿರುಗುತ್ತದೆ, ತಲೆ ಚೂರಾಗುತ್ತದೆ. ಕೈಯಲ್ಲಿ ಬೆಣೆ ಹಿಡಿದುಕೊಂಡು ಜೋರಾಗಿ ಹೊಡೆಯಬೇಡಿ. ಸದ್ದು ಕೇಳುತ್ತಿರಿ. ಬೆಣೆ ಸಡಿಲ ಇರುವಾಗ ಮಂದ ಸದ್ದು, ಮರದ ಭಾರ ಹೊತ್ತ ಮೇಲೆ ಗಟ್ಟಿ ಸದ್ದು. ಹೊಡೆದಷ್ಟೂ ಬೆಣೆ ಅಲ್ಲಾಡುತ್ತಿಲ್ಲ ಅಂದರೆ ಇನ್ನೂ ಜೋರಾಗಿ ಬಡಿಯುವುದು ಉತ್ತರವಲ್ಲ. ಹೆಚ್ಚಿನ ಸಲ ಕೀಲು ಇನ್ನೂ ದಪ್ಪ ಇರುತ್ತದೆ. ಎರಡೂ ಪಕ್ಕದಿಂದ ಗುರುತು ನೋಡಿ, ದಪ್ಪ ಇರುವ ಕಡೆ ಸ್ವಲ್ಪ ಕೊಯ್ದು ಮತ್ತೆ ಹೊಡೆಯಿರಿ. ಕೀಲು ಅಳತೆಗೆ ಬಂದ ಮೇಲೆ ಚೈನ್‌ಸಾ ಹೊರಗೆ ತೆಗೆದು ದೂರ ಇಟ್ಟುಬಿಡಿ, ಉಳಿದದ್ದನ್ನು ಬೆಣೆಯಿಂದಲೇ ಮುಗಿಸಿ. ಹಿಂದಕ್ಕೆ ವಾಲಿದ ಮರದಲ್ಲಿ ಇದೇ ಸುರಕ್ಷಿತ ದಾರಿ. ಕೈಯಲ್ಲಿ ಮಿಷನ್ ಇರುವುದಿಲ್ಲ, ಕಿವಿ ಖಾಲಿ ಇರುತ್ತದೆ.

ಸೀಳು ತೆರೆದುಕೊಳ್ಳುವುದು ಕಂಡರೆ, ಕೀಲು ಚಟಪಟ ಅಂದರೆ ಹೊರಡಿ. ಬೆಣೆ ಬಿಡಿ, ಸಮ್ಮಟಿಗೆ ಬಿಡಿ, ಇನ್ನೊಂದು ಪೆಟ್ಟು ಹಾಕೋಣ ಅನ್ನಬೇಡಿ. ನಿಂತ ಮರದಿಂದ ಬೆಣೆ ಕೀಳಲು ಯಾವತ್ತೂ ಹೋಗಬೇಡಿ. ದಿಮ್ಮಿಯ ಬೆಣೆ ಕಿತ್ತ ಕೋತಿಯ ಕಥೆ ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ.

ಬೆಣೆಯ ಮೇಲೆ ಬೆಣೆ

ಒಂದು ಬೆಣೆಯ ದಪ್ಪ ಸಾಲದಿದ್ದಾಗ ಎರಡನ್ನು ಒಂದರ ಮೇಲೊಂದು ಇಡಬಹುದು. ಎರಡೇ, ಮೂರು ಬೇಡ. ನುಣುಪು ಬೆಣೆ ಜಾರಿ ಹೊರಗೆ ಚಿಮ್ಮುತ್ತದೆ, ಆದ್ದರಿಂದ ಮೈಮೇಲೆ ಗೀರುಗಳಿರುವ ಬೆಣೆ ತಗೊಳ್ಳಿ, ನಡುವೆ ಸ್ವಲ್ಪ ಒಣ ಗರಗಸದ ಪುಡಿ ಉದುರಿಸಿ. ಎರಡನ್ನೂ ಒಂದೇ ನೇರಕ್ಕೆ ಇಡದೆ ಸ್ವಲ್ಪ ಅಡ್ಡವಾಗಿಡಿ. ಪಕ್ಕದಲ್ಲಿ ಇನ್ನೊಂದು ಒಂಟಿ ಬೆಣೆ ಗಟ್ಟಿಯಾಗಿ ಕೂತಿರಲಿ, ಜೋಡಿ ಜಾರಿದರೆ ಮರವನ್ನು ಅದೇ ಹಿಡಿಯುತ್ತದೆ. ಹೊಡೆಯುವಾಗ ಬೆಣೆಯ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ.

12 ಇಂಚಿನ ಬೆಣೆ ತಂದರೆ ಆಯ್ತಲ್ಲ ಅಂತ ಕೇಳಬಹುದು. ನಮ್ಮ 16 ಇಂಚಿನ ಮರದಲ್ಲಿ ಕೀಲಿನ ಹಿಂದೆ ಇರುವುದೇ ಹತ್ತು ಚಿಲ್ಲರೆ ಇಂಚು. ಉದ್ದ ಬೆಣೆಯ ತುದಿ ಕೀಲಿಗೆ ಹೋಗಿ ಗುದ್ದುತ್ತದೆ, ದಪ್ಪ ಭಾಗ ಹೊರಗೇ ಉಳಿಯುತ್ತದೆ. ದೊಡ್ಡ ಬೆಣೆ ದೊಡ್ಡ ಮರಕ್ಕೆ.

ಸಣ್ಣ ಮರ, ಪಕ್ಕಕ್ಕೆ ವಾಲಿದ ಮರ

8 ಇಂಚಿನ ಮರದಲ್ಲಿ ಬಾರ್ ಒಳಗೆ ಹೋದರೆ ಬೆಣೆಗೆ ಜಾಗವೇ ಇರುವುದಿಲ್ಲ. ಆಗ ಹಿಂದಿನ ಕೊಯ್ತವನ್ನು ಎರಡು ಭಾಗ ಮಾಡಿ. ಮೊದಲು ಒಂದು ಪಕ್ಕದ ಅರ್ಧ ಕೊಯ್ದು, ಬಾರ್ ಹೊರಗೆ ತೆಗೆದು, ಅಲ್ಲಿ ಬೆಣೆ ಕೂರಿಸಿ. ಆಮೇಲೆ ಉಳಿದ ಅರ್ಧವನ್ನು ಒಂದು ಇಂಚಿನಷ್ಟು ಕೆಳಗೆ ಕೊಯ್ಯಿರಿ, ಚೈನ್ ಬೆಣೆಯ ಅಡಿಯಿಂದ ಹಾದುಹೋಗಲಿ. ಇದರಲ್ಲಿ ಬಾರಿನ ತುದಿಯನ್ನು ಬಳಸಬೇಕಾಗುತ್ತದೆ. ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಮುಖಕ್ಕೆ ಎಗರುತ್ತದೆ, ಅದರ ಅಭ್ಯಾಸ ಇರುವವರು ಮಾತ್ರ ಮಾಡಿ.

ಪಕ್ಕಕ್ಕೆ ತುಸು ವಾಲಿದ ಮರದಲ್ಲಿ ವಾಲಿದ ಕಡೆಯ ಬೆಣೆಯನ್ನು ಮೊದಲು ಬಿಗಿ ಮಾಡಿ, ಅದನ್ನೇ ಜಾಸ್ತಿ ಹೊಡೆಯಿರಿ. ಪಕ್ಕಕ್ಕೆ ತುಂಬಾ ವಾಲಿದ್ದರೆ ಬೆಣೆಯಿಂದ ಸರಿಹೋಗುವುದಿಲ್ಲ, ಬೀಳಿಸುವ ದಿಕ್ಕನ್ನೇ ಬದಲಿಸಿ.

ಬಾರ್ ಸಿಕ್ಕಿಕೊಂಡರೆ

ಎಂಜಿನ್ ಆರಿಸಿ. ಹಿಡಿದು ಜಗ್ಗಬೇಡಿ, ಬಾರ್ ಬಾಗುತ್ತದೆ, ಮರವೂ ಅಲುಗುತ್ತದೆ. ಒಳಗೆ ಬೆಣೆ ಇದ್ದರೆ ಅದನ್ನೇ ಹೊಡೆಯಿರಿ, ಸೀಳು ಒಂದು ಕೂದಲೆಳೆ ತೆರೆದರೂ ಬಾರ್ ಬರುತ್ತದೆ. ಬೆಣೆಯೇ ಇಲ್ಲದಿದ್ದರೆ ಬಾರಿನ ಪಕ್ಕದಲ್ಲಿ ತೆಳು ತುದಿಯ ಬೆಣೆ ಹೊಕ್ಕೀತಾ ನೋಡಿ. ಆಗದಿದ್ದರೆ ಬಾರ್ ಬಿಚ್ಚಿ ಮರದಲ್ಲೇ ಬಿಟ್ಟು ಮಿಷನ್ ಮಾತ್ರ ತೆಗೆಯಿರಿ, ಇನ್ನೊಂದು ಬಾರ್ ಹಾಕಿ ಅಥವಾ ತಿರ್ಫರ್ ಥರದ ಎಳೆಯುವ ಮಿಷನ್ ತರಿಸಿ. ಅರ್ಧ ಕೊಯ್ದ ಮರವನ್ನು ಊಟಕ್ಕೆ ಅಂತಲೂ ಬಿಟ್ಟು ಹೋಗಬಾರದು. ಬಿಡಲೇಬೇಕಾದರೆ ಆ ಜಾಗಕ್ಕೆ ಯಾರೂ ಬರದ ಹಾಗೆ ಒಬ್ಬರನ್ನು ದೂರದಲ್ಲಿ ಕಾವಲು ನಿಲ್ಲಿಸಿ.

ಬೆಣೆಗೆ ಬಗ್ಗದ ಮರಗಳು

ಹಾಲುವಾಣದಂಥ ಮೆತ್ತನೆ ಮರದಲ್ಲಿ ಬೆಣೆ ನಾರನ್ನು ಅಮುಕಿ ಒಳಗೆ ಹೋಗುತ್ತದೆ, ಮರ ಏಳುವುದಿಲ್ಲ. ಅಗಲದ ಬೆಣೆ ಇಟ್ಟರೆ ಸ್ವಲ್ಪ ವಾಸಿ, ಆದರೂ ಹಗ್ಗ ಬೇಕೇ ಬೇಕು. ಒಣಗಿ ನಿಂತ ಮರಕ್ಕೆ ಬೆಣೆ ಬಡಿಯುವುದೇ ಅಪಾಯ, ಕೊಂಬೆ ಉದುರುತ್ತದೆ. ಮುಂದಕ್ಕೆ ಬಹಳ ವಾಲಿದ ಮರಕ್ಕೆ ಬೆಣೆ ಸಹಾಯಕ್ಕೆ ಬರುವುದಿಲ್ಲ, ಅಲ್ಲಿ ಕಾಂಡ ಉದ್ದಕ್ಕೆ ಸೀಳಿ ಮೇಲಕ್ಕೆ ಚಿಮ್ಮುವ ಭಯ, ಅದರ ಕೊಯ್ತವೇ ಬೇರೆ. ಗಾಳಿ ಇದ್ದರೆ, ಮಳೆ ಹಿಡಿದಿದ್ದರೆ ನಾಳೆಗೆ ಬಿಡಿ. ಒದ್ದೆ ಸೀಳಿನಲ್ಲಿ ಪ್ಲಾಸ್ಟಿಕ್ ಬೆಣೆ ನಿಲ್ಲುವುದಿಲ್ಲ.

ಲೆಕ್ಕದಲ್ಲಿ ಬೆಣೆ ಸಾಲದು ಅಂತ ಬಂದ ಮರಕ್ಕೆ ಹಗ್ಗವನ್ನೂ ಬೆಣೆಯನ್ನೂ ಸೇರಿಸಿ ಬಳಸಿ. ಹಗ್ಗ ಆದಷ್ಟು ಮೇಲೆ ಕಟ್ಟಿ. ಎಳೆಯುವವರು ಮರದ ನೇರಕ್ಕೆ ನಿಲ್ಲದ ಹಾಗೆ ಇನ್ನೊಂದು ಗಟ್ಟಿ ಮರದ ಬುಡಕ್ಕೆ ರಾಟೆ ಕಟ್ಟಿ ಪಕ್ಕಕ್ಕೆ ತಿರುಗಿಸಿ. ಹಗ್ಗ ಎಳೆಯುತ್ತದೆ, ಎಳೆದಷ್ಟನ್ನು ಬೆಣೆ ಹಿಡಿದಿಡುತ್ತದೆ.

ಬೆಣೆ ನೋಡಿಕೊಳ್ಳುವುದು

ಹೊಡೆದು ಹೊಡೆದು ಬೆಣೆಯ ತಲೆ ಅಣಬೆಯ ಹಾಗೆ ಅರಳುತ್ತದೆ. ಆ ಅಂಚು ಮುಂದಿನ ಪೆಟ್ಟಿಗೆ ಚೂರಾಗಿ ಕಣ್ಣಿಗೆ ಹಾರುತ್ತದೆ, ಹಾಗಾಗಿ ಅರದಿಂದ ಉಜ್ಜಿ ತೆಗೆಯಿರಿ. ಚೈನ್ ತಾಗಿ ತುದಿ ಹರಿದಿದ್ದರೆ ಅದನ್ನೂ ಉಜ್ಜಿ ತೆಳ್ಳಗೆ ಮಾಡಿ, ಮೊಂಡು ತುದಿಯ ಬೆಣೆ ಸೀಳಿಗೆ ಹೊಕ್ಕುವುದೇ ಇಲ್ಲ. ಬಿರುಕು ಬಿಟ್ಟದ್ದನ್ನು ಬಿಸಾಡಿ. ಬಿಸಿಲಿನಲ್ಲಿ ಜೀಪಿನ ಹಿಂದೆ ವರ್ಷಗಟ್ಟಲೆ ಬಿದ್ದಿರುವ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ, ನೆರಳಿನಲ್ಲಿ ಇಡಿ. ತೋಟಕ್ಕೆ ಹೋಗುವಾಗ 8 ಇಂಚಿನವು ಮೂರು, 5.5 ಇಂಚಿನದು ಒಂದು ಸೊಂಟದ ಚೀಲದಲ್ಲಿ ಇರಲಿ. ಜೀಪಿನಲ್ಲಿ ಬಿಟ್ಟು ಬಂದ ಬೆಣೆಯನ್ನು ತರಲು ಅರ್ಧ ಕೊಯ್ದ ಮರ ಬಿಟ್ಟು ಹೋಗಲು ಆಗುವುದಿಲ್ಲ.